ತೊಂಬತ್ತು ತಾಸಿಗೆ ಎರಡು ಕ್ರೆಡಿಟ್

ಬೆಳಗಾವಿ ಜಿಲ್ಲೆಯ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ನಾಲ್ಕನೇ ವರ್ಷದಲ್ಲಿ ಪುಸ್ತಕ ಕಟ್ಟಿಟ್ಟು ಹಳ್ಳಿಗೆ ಹೋಗುತ್ತಾರೆ. ಗ್ರಾಮೀಣ ತೋಟಗಾರಿಕೆ ಕಾರ್ಯಾನುಭವ ಎಂಬುದು ಆ ಕೋರ್ಸಿನ ಹೆಸರು. ಒಬ್ಬ ರೈತನನ್ನು ಗುರು ಮಾಡಿಕೊಂಡು ಅವನ ಹೊಲದಲ್ಲೇ ಕೆಲಸ ಕಲಿಯಬೇಕು, ಊರಿನ ಬೆಳೆ, ನೀರು, ಸಾಲ, ಮಾರುಕಟ್ಟೆಯ ಲೆಕ್ಕ ಬರೆಯಬೇಕು. ಗುಡಿಯ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಇಡೀ ಊರಿನ ನಕ್ಷೆ ಬಿಡಿಸಿ, ಊರವರನ್ನು ಸುತ್ತ ಕೂರಿಸಿಕೊಂಡು ಬಾವಿ ಎಲ್ಲಿ, ಬೋರು ಎಲ್ಲಿ, ಕಾಲುವೆಯ ನೀರು ಯಾವ ಮೂಲೆಗೆ ಮುಟ್ಟುವುದಿಲ್ಲ ಎಂದು ಕೇಳಿ ಗುರುತು ಹಾಕುವ ಕೆಲಸ ನೋಡುವಂಥದ್ದು. ನಕ್ಷೆಯಲ್ಲಿ ತಪ್ಪಾದರೆ ಮುದುಕರು ಸುಮ್ಮನಿರುವುದಿಲ್ಲ. "ಅಲ್ಲೆಲ್ಲಿ ಹಳ್ಳ ಬಂತು ತಮ್ಮಾ, ಇತ್ತಾಗ ಬಾ" ಎಂದು ತಾವೇ ಕೋಲು ಹಿಡಿದು ಗೆರೆ ಎಳೆಯುತ್ತಾರೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಐದನೇ ಡೀನ್‌ಗಳ ಸಮಿತಿ ರೂಪಿಸಿದ ಪಠ್ಯಕ್ರಮದಲ್ಲಿ ಇಂಥ ಒಂದು ಸೆಮಿಸ್ಟರಿನ ಕೆಲಸಕ್ಕೆ 20 ಕ್ರೆಡಿಟ್ ಇದೆ. ಅದೇ ಪರಿಷತ್ತಿನ ಸ್ಟೂಡೆಂಟ್ ರೆಡಿ ಯೋಜನೆಯಲ್ಲಿ ತಿಂಗಳಿಗೆ 3000 ರೂಪಾಯಿ ಸ್ಟೈಪೆಂಡ್ ಕೂಡ ಇದೆ.

ಅದೇ ಸೀಮೆಯ ನಾಗನೂರಿನಿಂದ ದಿನಾ ಬಸ್ಸು ಹತ್ತಿ ಮೂಡಲಗಿಗೋ ಗೋಕಾಕಕ್ಕೋ ಬಿ.ಎ., ಬಿ.ಕಾಂ. ಓದಲು ಹೋಗುವ ಹುಡುಗ ಹುಡುಗಿಯರೂ ಇಂಟರ್ನ್‌ಶಿಪ್ ಮಾಡುತ್ತಾರೆ. 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ರಾಜ್ಯದ ಮಾದರಿ ಪಠ್ಯಕ್ರಮದಲ್ಲಿ ಆರನೇ ಸೆಮಿಸ್ಟರಿಗೆ ಅದನ್ನು ಸೇರಿಸಲಾಯಿತು. ನಾಲ್ಕರಿಂದ ಆರು ವಾರಗಳಲ್ಲಿ 90 ತಾಸಿನ ಕೆಲಸ, 2 ಕ್ರೆಡಿಟ್, 50 ಅಂಕ. ಸ್ಟೈಪೆಂಡ್ ಇಲ್ಲ.

ಇಪ್ಪತ್ತಕ್ಕೂ ಎರಡಕ್ಕೂ ಇರುವ ಅಂತರ ಬರೀ ಅಂಕಪಟ್ಟಿಯದ್ದಲ್ಲ. ತೋಟಗಾರಿಕೆ ವಿದ್ಯಾರ್ಥಿಗೆ ಹಳ್ಳಿಯೇ ಪ್ರಯೋಗಶಾಲೆ ಎಂದು ಒಪ್ಪಿಕೊಂಡ ನಮ್ಮ ವಿದ್ಯಾವ್ಯವಸ್ಥೆ, ಆ ಹಳ್ಳಿಯಲ್ಲೇ ಹುಟ್ಟಿ ಬೆಳೆದ ಬಿ.ಕಾಂ. ವಿದ್ಯಾರ್ಥಿಗೆ ಮಾತ್ರ ಅಲ್ಲಿ ಕಲಿಯುವಂಥದ್ದು ಏನಿದೆ ಎಂದು ಹೇಳಿಕೊಡಲೇ ಇಲ್ಲ. ನನ್ನ ಸಂಕಟ ಇರುವುದು ಇಲ್ಲಿ.

ಕ್ರೆಡಿಟ್ ಎಂದರೆ ಕಲಿಕೆಗೆ ಕೊಟ್ಟ ಹೊತ್ತಿನ ಅಳತೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ತಾಸಿನ ಕಲಿಕೆಗೆ ಒಂದು ಕ್ರೆಡಿಟ್ ಎಂದು ಗೊತ್ತುಮಾಡಿತು. 2024ರಲ್ಲಿ ಯುಜಿಸಿ ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆಂದೇ ಮಾರ್ಗಸೂಚಿ ಹೊರಡಿಸಿದಾಗಲೂ ಇದೇ ಅಳತೆಯನ್ನು ಹಿಡಿಯಿತು. ಹಾಗೆ ನೋಡಿದರೆ 90 ತಾಸಿಗೆ ಮೂರು ಕ್ರೆಡಿಟ್ ಸಲ್ಲಬೇಕು. ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡಲು 2021ರಲ್ಲೇ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಶುರುವಾಗಿದೆ. ಓದು ನಡುವೆ ನಿಂತರೂ ಅಲ್ಲಿಯವರೆಗಿನ ಗಳಿಕೆ ಅಲ್ಲಿ ಉಳಿಯಬೇಕೆಂಬುದು ಅದರ ಉದ್ದೇಶ. ಮದುವೆಯ ಕಾರಣಕ್ಕೆ ಎರಡನೇ ವರ್ಷಕ್ಕೇ ಕಾಲೇಜು ಬಿಡುವ ಹೆಣ್ಣುಮಕ್ಕಳು ಇನ್ನೂ ಇರುವ ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯವಲ್ಲ.

ದುಡಿಮೆಯನ್ನು ಓದಿಗೆ ಜೋಡಿಸುವ ಆಲೋಚನೆ ಹಳೆಯದು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯಂತೆ ಕಾರ್ಖಾನೆಗೂ ತರಗತಿಗೂ ಕಳಿಸಿ ಈ ಪದ್ಧತಿ ಆರಂಭಿಸಿದರು. ಪಿಲಾನಿಯ ಬಿಟ್ಸ್ 1973ರಲ್ಲಿ ಪ್ರ್ಯಾಕ್ಟಿಸ್ ಸ್ಕೂಲ್ ತೆರೆಯಿತು. ನಮ್ಮಲ್ಲೂ ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯದೆ ವೈದ್ಯರಾಗಲಾರರು, ಬಿ.ಎಡ್. ಓದುವವರು ಶಾಲೆಗೆ ಹೋಗಿ ಪಾಠ ಮಾಡದೆ ಶಿಕ್ಷಕರಾಗಲಾರರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ, ಅದಕ್ಕೆ 10 ಕ್ರೆಡಿಟ್. ಕೊನೆಯಲ್ಲಿ ಉಳಿದವರು ಬಿ.ಎ., ಬಿ.ಕಾಂ.ನವರು. ಅವರ ಸರದಿ ಬಂದಾಗ ಯಾರೂ ಸಿದ್ಧರಿರಲಿಲ್ಲ.

"ಎಲ್ಲ್ಯರ ಮಾಡ್ರಿ, ಸರ್ಟಿಫಿಕೇಟ್ ತಗೊಂಡ ಬರ್ರಿ." ಆರನೇ ಸೆಮಿಸ್ಟರಿನಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ಸಿಕ್ಕ ಮಾರ್ಗದರ್ಶನ ಇಷ್ಟೇ. ಅವರು ಗುರುತಿನವರ ಅಂಗಡಿಗೆ, ಕಂಪ್ಯೂಟರ್ ಸೆಂಟರಿಗೆ, ಮಾವನ ಗೆಳೆಯನ ಆಫೀಸಿಗೆ ಹೋಗುತ್ತಾರೆ. "ಸಹಿ ಅಷ್ಟ ಬೇಕೇನ? ತಾ ಇಲ್ಲೆ" ಎಂದು ಅವರೂ ಪಾಪ, ಹುಡುಗರಿಗೆ ಅನುಕೂಲವಾಗಲಿ ಎಂದೇ ಶಿಕ್ಕಾ ಒತ್ತಿ ಕೊಡುತ್ತಾರೆ. ವರದಿಯನ್ನು ಹಿಂದಿನ ವರ್ಷದವರಿಂದ ತಂದು ಹೆಸರು ಬದಲಿಸಿ ಬೈಂಡ್ ಮಾಡಿಸಿದರೆ ಮುಗಿಯಿತು. ದುಡ್ಡು ಕಟ್ಟಿಸಿಕೊಂಡು ಆನ್‌ಲೈನಿನಲ್ಲೇ ಸರ್ಟಿಫಿಕೇಟ್ ಕಳಿಸುವವರೂ ಇದ್ದಾರೆ. ವಿದ್ಯಾರ್ಥಿಗಳನ್ನು ಬೈಯುವುದು ಸುಲಭ. ಆದರೆ ಇದು ಅವರ ಸೋಮಾರಿತನದಿಂದ ಆದದ್ದಲ್ಲ. ಹೋಗಬೇಕಾದ ಜಾಗವನ್ನೇ ತೋರಿಸದೆ ಹೋಗಿಬಂದ ಗುರುತು ಕೇಳಿದರೆ ಯಾರೇ ಆಗಲಿ ಹೀಗೇ ಮಾಡುತ್ತಾರೆ.

ಹಾಗಾದರೆ ಹೋಗಬೇಕಾದ ಜಾಗ ಯಾವುದು? ಬೆಂಗಳೂರಿನ ಕಂಪನಿ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ನಾನು ಹೇಳುವುದು ನಾಗನೂರಿನ ಸುತ್ತಲ ಹತ್ತಾರು ಕಿಲೋಮೀಟರ್.

ಮೊದಲು ಕಬ್ಬಿನ ಬಿಲ್ಲನ್ನೇ ತೆಗೆದುಕೊಳ್ಳಿ. 2025ರ ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ 3500 ರೂಪಾಯಿ ಕೇಳಿ ಹಗಲು ರಾತ್ರಿ ಕೂತಿದ್ದರು. ನವೆಂಬರ್ 7ರಂದು ಮುಖ್ಯಮಂತ್ರಿಗಳ ಸಭೆಯಲ್ಲಿ, ಕಾರ್ಖಾನೆಗಳ ಮತ್ತು ಸರ್ಕಾರದ ಪಾಲು ಸೇರಿ, ಶೇ 11.25ರ ಸಕ್ಕರೆ ಇಳುವರಿಗೆ, ಅಂದರೆ ರಿಕವರಿಗೆ, ಟನ್ನಿಗೆ 3300 ರೂಪಾಯಿ ಎಂದು ತೀರ್ಮಾನವಾಯಿತು. ಆ ದಿನಗಳಲ್ಲಿ ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಅಪ್ಪ, ಕಾಕಾನ ಜೊತೆ ಅಲ್ಲೇ ಕೂತಿದ್ದರು. ಅವರಲ್ಲಿ ಒಬ್ಬರನ್ನು ಕರೆದು ಈ ಲೆಕ್ಕ ಬಿಡಿಸಲು ಹೇಳಿ: 2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಯುತ, ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1 ಏರಿಕೆಗೆ 3 ರೂಪಾಯಿ 46 ಪೈಸೆ. 11.25ಕ್ಕೆ ಹತ್ತು ಮೆಟ್ಟಿಲು, ಅಂದರೆ 34 ರೂಪಾಯಿ 60 ಪೈಸೆ ಹೆಚ್ಚು. ಟನ್ನಿಗೆ 3896 ಆಯಿತು. ಇದು ಕಾರ್ಖಾನೆಯ ಬಾಗಿಲಿಗೆ ಕಬ್ಬು ಮುಟ್ಟಿದ ಮೇಲಿನ ದರ. ಇದರಲ್ಲಿ ಕಟಾವು ಮತ್ತು ಸಾಗಣೆ ವೆಚ್ಚ ಮುರಿದುಕೊಂಡ ಮೇಲೆ ರೈತನ ಕೈಗೆ ಬರುವ ದುಡ್ಡೇ ಬೇರೆ. ಅದಕ್ಕೇ ಸರ್ಕಾರದ ಕಾಗದದಲ್ಲಿ ಒಂದು ಅಂಕಿ, ಹೋರಾಟದ ವೇದಿಕೆಯಲ್ಲಿ ಇನ್ನೊಂದು ಅಂಕಿ. ಲೆಕ್ಕಕ್ಕೆ ಹಿಡಿಯುವ ರಿಕವರಿ ಹಿಂದಿನ ಹಂಗಾಮಿನದ್ದು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡದಿದ್ದರೆ ಶೇ 15ರ ಬಡ್ಡಿ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ.

ಒಂದು ಊರಿನ ಐವತ್ತು ಮನೆಗಳ ಕಬ್ಬಿನ ಬಿಲ್ಲು ಕೂಡಿಸಿ, ಕಾಟಾದ ಚೀಟಿಯ ತೂಕ, ಕಟಾವಿನ ಕಡಿತ, ಕಬ್ಬು ಕಡಿಯುವ ಗ್ಯಾಂಗಿಗೆ ಕೈಯಿಂದ ಕೊಟ್ಟ ಖುಷಿಯ ದುಡ್ಡು, ಬಿಲ್ಲು ಖಾತೆಗೆ ಬಿದ್ದ ದಿನ ಎಲ್ಲವನ್ನೂ ಬಿ.ಕಾಂ. ಓದುವ ಒಬ್ಬ ಹುಡುಗಿ ತಃಖ್ತೆಯಲ್ಲಿ ತುಂಬಿದಳು ಎಂದುಕೊಳ್ಳಿ. ಕಾಸ್ಟ್ ಅಕೌಂಟಿಂಗ್ ಪುಸ್ತಕದ ಯಾವ ಅಧ್ಯಾಯ ಅವಳಿಗೆ ಅದಕ್ಕಿಂತ ಹೆಚ್ಚು ಕಲಿಸೀತು? ಆ ತಃಖ್ತೆ ಊರಿಗೂ ಬೇಕಾದದ್ದೇ. ಬಿಲ್ಲು ಓದಲು ಬರುವವರು ಮನೆಯಲ್ಲಿ ಒಬ್ಬರಿದ್ದರೆ ರೈತನ ಮಾತಿಗೆ ತೂಕ ಬರುತ್ತದೆ.

ಸಹಕಾರ ಸಂಘಗಳೂ ಹಾಗೆಯೇ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಸಹಕಾರ ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು. ನಮ್ಮ ಭಾಗದಲ್ಲಿ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಅಂದರೆ ಗೊಬ್ಬರ, ಬೀಜ, ಐದು ಲಕ್ಷದವರೆಗಿನ ಶೂನ್ಯ ಬಡ್ಡಿಯ ಬೆಳೆಸಾಲ, ಎಲ್ಲವೂ ಬರುವ ಬಾಗಿಲು. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2516 ಕೋಟಿ ರೂಪಾಯಿಯ ಯೋಜನೆ ಮಾಡಿತು. ಕೈಬರಹದ ಹಳೆಯ ಖಾತೆಗಳನ್ನು ಒಂದೊಂದಾಗಿ ತಾಳೆ ನೋಡಿ ಕಂಪ್ಯೂಟರಿಗೆ ಏರಿಸುವುದು ತಾಳ್ಮೆ ಬೇಡುವ ಕೆಲಸ. ಹಳೆಯ ಕೈಬರಹ ಓದಬಲ್ಲ, ಟ್ಯಾಲಿ ಬಲ್ಲ, ಊರಿನ ಅಡ್ಡಹೆಸರುಗಳ ಗೊಂದಲ ಬಲ್ಲ ಹುಡುಗರು ಕಾಲೇಜಿನಲ್ಲಿ ಕೂತಿರುವಾಗ ಸಂಘದ ಕಾರ್ಯದರ್ಶಿ ಒಬ್ಬನೇ ಯಾಕೆ ಹೆಣಗಬೇಕು?

ಹುಕ್ಕೇರಿಗೆ ಹೋದರೆ ಇನ್ನೊಂದು ಅಪರೂಪದ ಸಂಸ್ಥೆ ಇದೆ. 1969ರಲ್ಲಿ ದೇಶದಲ್ಲಿ ಪ್ರಯೋಗವಾಗಿ ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಸದಸ್ಯರೇ ಒಡೆಯರಾಗಿರುವ ಸಂಘ ಕರೆಂಟು ಕೊಡುವುದು, ಬಿಲ್ಲು ವಸೂಲಿ ಮಾಡುವುದು, ಚುನಾವಣೆ ನಡೆಸುವುದು ಒಂದೇ ಸೂರಿನಡಿ ಕಾಣಲು ರಾಜ್ಯದಲ್ಲಿ ಬೇರೆ ಜಾಗವಿಲ್ಲ. ಅದೇ ತಾಲ್ಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವಿದೆ. ಎಂಜಿನಿಯರಿಂಗ್ ಓದುವವರು ಅಲ್ಲಿ ಟ್ರಾನ್ಸ್‌ಫಾರ್ಮರಿನ ಹೊರೆ ನೋಡಲಿ, ಅರ್ಥಶಾಸ್ತ್ರದವರು ಪಂಪ್‌ಸೆಟ್ಟಿನ ಸಬ್ಸಿಡಿ ಲೆಕ್ಕ ನೋಡಲಿ, ರಾಜ್ಯಶಾಸ್ತ್ರದವರು ಸದಸ್ಯರ ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಮಾಡಲಿ.

ಬಿ.ಎ. ಕನ್ನಡದವರ ಮಾತು ಬಂದಾಗ ಅವರಿಗೆಲ್ಲಿಯ ಇಂಟರ್ನ್‌ಶಿಪ್ ಎಂದು ಮೇಷ್ಟ್ರುಗಳೇ ಕೈಚೆಲ್ಲುವುದನ್ನು ಕೇಳಿದ್ದೇನೆ. ಅದನ್ನು ಕೇಳಿದಾಗ ನಿಜಕ್ಕೂ ನೋವಾಗುತ್ತದೆ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣನ ಕುಲಗೋಡ ಇಲ್ಲೇ ಇದೆ. ಅದರಲ್ಲಿ ಹೆಸರು ಮಾಡಿದ ನಿಂಗಮ್ಮನ ಕೌಜಲಗಿ ಇಲ್ಲೇ ಇದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟ, ಪಾರಿಜಾತ ನೋಡಿ ಕೇಳಿಯೇ ತಮ್ಮ ನಾಟಕದ ಭಾಷೆ ಕಟ್ಟಿಕೊಂಡರು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದರು. ಈಗಿರುವ ಹಿರಿಯ ಕಲಾವಿದರ ಬಳಿ ಮೊಬೈಲ್ ಹಿಡಿದು ಕೂತು, ಹಾಡಿಸಿ, ಧ್ವನಿ ಮುದ್ರಿಸಿ, ಯಾರಿಂದ ಕಲಿತರು, ಯಾವ ಜಾತ್ರೆಯಲ್ಲಿ ಎಷ್ಟು ಆಟವಾಡಿದರು ಎಂದು ಬರೆದಿಡಲು 90 ತಾಸು ಸಾಕಾಗುವುದಿಲ್ಲ. ಗೋಕಾಕದ ಕಟ್ಟಿಗೆಯ ಬೊಂಬೆ ಮಾಡುವ ಚಿತ್ರಗಾರರ ಮನೆಗಳಿವೆ, ಕರದಂಟಿನ ಭಟ್ಟಿಗಳಿವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿದಾಗ ಯಾವ ಮನೆಗೆ ಎಷ್ಟು ನೀರು ಬಂತು, ಪರಿಹಾರ ಯಾರಿಗೆ ಮುಟ್ಟಿತು ಎಂಬುದನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಮನೆಮನೆ ಕೇಳಿ ದಾಖಲೆ ಮಾಡಬಹುದಿತ್ತು. ಈಗಲೂ ಮಾಡಬಹುದು. ನಾಗನೂರಿನ ಪಟ್ಟಣ ಪಂಚಾಯಿತಿಗೂ ನೀರಿನ ಕರ, ಆಸ್ತಿ ತೆರಿಗೆಯ ಪಟ್ಟಿ ಸರಿಪಡಿಸಲು ಓದಿದ ಕೈ ಬೇಕೇ ಬೇಕು.

ಇದಕ್ಕೆ ಮುಖ್ಯವಾಗಿ ಬೇಕಾದದ್ದು ಅಧ್ಯಾಪಕರ ಹೊತ್ತು. ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಕಾಲೇಜಿನಲ್ಲಿ ಅರವತ್ತು ಹುಡುಗರನ್ನು ಒಬ್ಬರಿಗೆ ಒಪ್ಪಿಸಿ ಮೇಲ್ವಿಚಾರಣೆ ಮಾಡಿ ಎಂದರೆ ಅವರಾದರೂ ಏನು ಮಾಡಿಯಾರು? ಹಳ್ಳಿಗೆ ಹೋಗಿ ವಿದ್ಯಾರ್ಥಿಯ ಕೆಲಸ ನೋಡಿಬಂದ ಅರ್ಧ ದಿನವನ್ನು ಪಾಠದ ಅವಧಿಯಾಗಿ ಎಣಿಸಬೇಕು, ಅತಿಥಿ ಉಪನ್ಯಾಸಕರಿಗೆ ಅದಕ್ಕೆ ಸಂಬಳ ಸಿಗಬೇಕು. ಎರಡನೆಯದು ದುಡ್ಡು. ಬೇಸಿಗೆಯಲ್ಲಿ ಕೂಲಿಗೆ ಹೋಗಿ ಮುಂದಿನ ವರ್ಷದ ಫೀ ಕೂಡಿಸುವ ಹುಡುಗನಿಗೆ ಪುಕ್ಕಟೆ ಇಂಟರ್ನ್‌ಶಿಪ್ ಎಂದರೆ ಆ ಕೂಲಿಯ ನಷ್ಟ. ತೋಟಗಾರಿಕೆಯವರಿಗೆ ಸಿಗುವ ತಿಂಗಳ 3000 ಇವರಿಗೂ ಸಿಗಲಿ ಎಂದು ಕೇಳುವುದರಲ್ಲಿ ಯಾವ ಅತಿಯೂ ಇಲ್ಲ. ಹೆಣ್ಣುಮಕ್ಕಳ ಮಟ್ಟಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿ ಆ ಖರ್ಚು ತಪ್ಪಿದೆ, ಅದು ದೊಡ್ಡ ಅನುಕೂಲ. ಆದರೆ ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಮರುದಿನ ಕಳಿಸುವುದಿಲ್ಲ. ಊರಲ್ಲೇ, ಪಕ್ಕದ ಊರಲ್ಲೇ ಕೆಲಸ ಹುಡುಕಿ ಕೊಡಬೇಕು ಎನ್ನಲು ಇದೂ ಒಂದು ಕಾರಣ. ವರದಿಯನ್ನು ಕನ್ನಡದಲ್ಲಿ ಬರೆಯಲು ಬಿಡಿ. ಇಂಗ್ಲಿಷಿನಲ್ಲೇ ಬೇಕೆಂದು ಹಟ ಹಿಡಿದ ಕಡೆ ನಕಲು ಹುಟ್ಟುತ್ತದೆ, ತಾನು ಕಂಡದ್ದನ್ನು ತನ್ನ ಮಾತಿನಲ್ಲಿ ಬರೆದವನ ವರದಿಯನ್ನು ಮುಂದಿನ ವರ್ಷ ಇನ್ನೊಬ್ಬ ಕದಿಯಲು ಆಗುವುದಿಲ್ಲ.

2024ರ ಮೇ ತಿಂಗಳಲ್ಲಿ ಪ್ರೊ. ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಮತ್ತೆ ಬದಲಾಯಿತು. ಈಗ ಹೊಸದಾಗಿ ಇಂಟರ್ನ್‌ಶಿಪ್ಪಿನ ನಿಯಮ ಬರೆಯುವವರಿಗೆ ಒಂದು ಮಾತು ನೆನಪಿಸಬೇಕು. ನಮ್ಮ ಸೀಮೆಯಲ್ಲಿ ಕೆಲಸ ಕಾಣುವುದು ಹಂಗಾಮಿನಲ್ಲಿ. ಕಾರ್ಖಾನೆಗಳ ಚಿಮಣಿ ನವೆಂಬರಿನಲ್ಲಿ ಹೊಗೆಯಾಡತೊಡಗಿದರೆ ಬೇಸಿಗೆಗೆ ಮೊದಲೇ ನಿಲ್ಲುತ್ತದೆ. ಅರಿಷಿಣ ಕುದಿಸಿ ಒಣಗಿಸುವುದೂ ಅದರ ಆಸುಪಾಸಿನಲ್ಲೇ. ಪರೀಕ್ಷೆ ಮುಗಿಸಿಕೊಂಡು ರಜೆಯಲ್ಲಿ ಹೊರಟ ವಿದ್ಯಾರ್ಥಿಗೆ ಸಿಗುವುದು ಬಾಗಿಲು ಹಾಕಿದ ಕಾರ್ಖಾನೆ, ಖಾಲಿ ಕಾಟಾ. ರಜೆಯಲ್ಲಿ ಪೂರ್ಣಾವಧಿ ಇಲ್ಲವೇ ಕಾಲೇಜು ನಡೆಯುವಾಗ ಅರೆಕಾಲಿಕ, ಎರಡರಲ್ಲಿ ಯಾವುದಾದರೂ ಸರಿ ಎಂದು 2021ರ ಮಾದರಿ ಪಠ್ಯಕ್ರಮ ಹೇಳಿತ್ತು. ವಾರಕ್ಕೆ ಎರಡು ಮಧ್ಯಾಹ್ನ, ಸಲಕ್ಕೆ ಮೂರು ತಾಸಿನಂತೆ ನವೆಂಬರಿನಿಂದ ಹದಿನೈದು ವಾರ ನಡೆಸಿದರೆ 90 ತಾಸು ಆಗುತ್ತದೆ. ಟೈಮ್‌ಟೇಬಲ್ಲಿನಲ್ಲಿ ಆ ಎರಡು ಮಧ್ಯಾಹ್ನ ಬಿಡಿಸಿಕೊಡಲು ಪ್ರಿನ್ಸಿಪಾಲರೂ ಇಲಾಖೆಯ ಮುಖ್ಯಸ್ಥರೂ ಒಂದು ಸಭೆಯಲ್ಲಿ ಕೂತರೆ ಸಾಕು.