ಇಂಗ್ಲಿಷಿನ ‘ಮೂಡ್’ ಮತ್ತು ಕನ್ನಡದ ಕ್ರಿಯಾರೂಪಗಳು: ಅಡರಕಟ್ಟಿಯ ಆಡುಮಾತಿನ ಹಿನ್ನೆಲೆಯಲ್ಲಿ

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ತೀರ ತೊಡಕೆನಿಸುವ ಭಾಗ ಯಾವುದೆಂದು ಕೇಳಿದರೆ ಅನೇಕ ಅಧ್ಯಾಪಕರು ಕಾಲಗಳತ್ತ ಬೊಟ್ಟು ಮಾಡುತ್ತಾರೆ. ನನ್ನ ಅನುಭವ ಬೇರೆ. ರಜೆಯಲ್ಲಿ ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯಲ್ಲಿ ಕೆಲವು ಪದವಿಪೂರ್ವ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ‘ಇಫ್ ಐ ವರ್ ಎ ಬರ್ಡ್’ ಎಂಬ ವಾಕ್ಯದ ‘ವರ್’ ಅನ್ನು ಹೊಡೆದುಹಾಕಿ ‘ವಾಸ್’ ಎಂದು ತಿದ್ದಿದ. ‘ಐ’ ಏಕವಚನ, ಆದ್ದರಿಂದ ‘ವಾಸ್’ ಬರಬೇಕು ಎಂಬುದು ಅವನ ವಾದ. ವಾದದಲ್ಲಿ ತಪ್ಪಿರಲಿಲ್ಲ, ಅವನು ಕಲಿತ ಪಾಠದಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ಆ ವಾಕ್ಯದ ಭೂತರೂಪ ಕಾಲವನ್ನು ಹೇಳುತ್ತಿಲ್ಲ ಎಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ವಿಚಿತ್ರವೆಂದರೆ, ಅದೇ ಹುಡುಗ ತನ್ನ ಮನೆಮಾತಿನಲ್ಲಿ ಇಂಥ ರೂಪಗಳನ್ನು ದಿನಕ್ಕೆ ಹತ್ತಾರು ಬಾರಿ ಬಳಸುತ್ತಾನೆ.

ಇಂಗ್ಲಿಷ್ ವ್ಯಾಕರಣದ ‘ಮೂಡ್’ ಎಂಬ ಪಾರಿಭಾಷಿಕ ಪದಕ್ಕೂ ‘ಇವತ್ತು ಮೂಡ್ ಇಲ್ಲ’ ಎನ್ನುವಾಗಿನ ಪದಕ್ಕೂ ಮೂಲ ಒಂದೇ ಅಲ್ಲ. ಮೊದಲನೆಯದು ರೀತಿ ಎಂಬರ್ಥದ ಲ್ಯಾಟಿನ್ ‘ಮೋಡುಸ್’ನಿಂದ ಬಂದದ್ದು. ಹೇಳುವವನು ತಾನು ಹೇಳುತ್ತಿರುವ ಕ್ರಿಯೆಯನ್ನು ನಡೆದ ಸಂಗತಿಯೆಂದು ಒಪ್ಪಿಸುತ್ತಾನೆಯೆ, ಆಜ್ಞೆಯಾಗಿ ಹೊರಿಸುತ್ತಾನೆಯೆ, ಬರಿಯ ಊಹೆ ಅಥವಾ ಹಾರೈಕೆಯಾಗಿ ಮುಂದಿಡುತ್ತಾನೆಯೆ ಎಂಬುದನ್ನು ಕ್ರಿಯಾಪದದ ರೂಪವೇ ತಿಳಿಸುವ ಬಗೆಯಿದು. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಇಂಗ್ಲಿಷಿಗೂ ಇಂಡಿಕೇಟಿವ್, ಇಂಪೆರೇಟಿವ್, ಸಬ್‌ಜಂಕ್ಟಿವ್ ಎಂಬ ಮೂರು ವಿಭಾಗಗಳನ್ನು ಮಾಡಲಾಯಿತು. ನಮ್ಮ ಪಠ್ಯಗಳು ಇವನ್ನು ಕ್ರಮವಾಗಿ ನಿಶ್ಚಯಾರ್ಥ, ವಿಧ್ಯರ್ಥ, ಸಂಭಾವನಾರ್ಥ ಎಂದು ಕನ್ನಡಿಸಿ ಮುಂದೆ ಸಾಗುತ್ತವೆ. ಮೊದಲೆರಡರ ಬಗ್ಗೆ ಹೆಚ್ಚು ತಕರಾರಿಲ್ಲ. ಮೂರನೆಯದು ಮಾತ್ರ ದಾರಿ ತಪ್ಪಿಸುತ್ತದೆ.

ಸಬ್‌ಜಂಕ್ಟಿವ್‌ಗೆ ಹಳೆಯ ಇಂಗ್ಲಿಷಿನಲ್ಲಿ ಪ್ರತ್ಯೇಕ ಪ್ರತ್ಯಯಗಳಿದ್ದವು. ಶತಮಾನಗಳ ಸವೆತದಲ್ಲಿ ಅವು ಅಳಿದು, ಅವುಗಳ ಕೆಲಸವನ್ನು ‘ಮೇ’, ‘ಮೈಟ್’, ‘ಶುಡ್’, ‘ವುಡ್’ ಮುಂತಾದ ಸಹಾಯಕ ಕ್ರಿಯಾಪದಗಳು ವಹಿಸಿಕೊಂಡವು. ಉಳಿದಿರುವುದು ಕೆಲವು ತುಣುಕುಗಳು ಮಾತ್ರ. ‘ಗಾಡ್ ಸೇವ್ ದಿ ಕಿಂಗ್’ ಎಂಬಲ್ಲಿ ‘ಸೇವ್ಸ್’ ಎಂದಿಲ್ಲ, ಅದು ಹಾರೈಕೆ. ‘ಇಟ್ ಈಸ್ ನೆಸೆಸರಿ ದಟ್ ಹಿ ಬಿ ಪ್ರೆಸೆಂಟ್’ ಎಂಬಲ್ಲಿ ‘ಈಸ್’ ಬದಲು ‘ಬಿ’ ಇದೆ. ಅದು ವಿಧಿಯ ಛಾಯೆಯುಳ್ಳದ್ದು. ‘ಇಫ್ ಐ ವರ್’ ಎಂಬುದು ವಾಸ್ತವಕ್ಕೆ ವಿರುದ್ಧವಾದ ಕಲ್ಪನೆ. ಈ ಮೂರನ್ನೂ ಕನ್ನಡಕ್ಕೆ ತಂದರೆ ಕ್ರಮವಾಗಿ ‘ಕಾಪಾಡಲಿ’, ‘ಹಾಜರಿರಬೇಕು’, ‘ಆಗಿದ್ದರೆ’ ಎಂದಾಗುತ್ತವೆ. ನಮ್ಮ ಶಾಲಾ ವ್ಯಾಕರಣದ ಸಂಭಾವನಾರ್ಥ ರೂಪಗಳಾದ ‘ಬಂದಾನು’, ‘ಹೋದಾಳು’, ‘ಮಾಡಿಯಾರು’ ಇವುಗಳಲ್ಲಿ ಒಂದೂ ಈ ಪಟ್ಟಿಯಲ್ಲಿ ಕಾಣಿಸುವುದಿಲ್ಲ! ಹೆಸರು ಹೊಂದಿದರೂ ವಸ್ತು ಹೊಂದಲಿಲ್ಲ.

ಈ ತೊಡಕಿನ ಬೇರು ರೂಪವನ್ನೂ ಅರ್ಥವನ್ನೂ ಒಂದೇ ಎಂದು ಭಾವಿಸುವುದರಲ್ಲಿದೆ. ಪಾಣಿನಿಯಲ್ಲಿ ಈ ಗೊಂದಲವಿಲ್ಲ. ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆ ಎಂಬ ಆರು ಅರ್ಥಗಳಿಗೆ ಲಿಙ್ ಎಂಬ ರೂಪವನ್ನು ವಿಧಿಸಿ, ಮರುಸೂತ್ರದಲ್ಲೇ ಅವೇ ಅರ್ಥಗಳಿಗೆ ಲೋಟ್ ಕೂಡ ಬರುತ್ತದೆಂದು ಹೇಳುತ್ತಾನೆ. ರೂಪ ಎರಡು, ಅರ್ಥ ಆರು. ಕನ್ನಡದ ‘-ಅಲಿ’ ಪ್ರತ್ಯಯವನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ‘ಚೆನ್ನಾಗಿ ಬಾಳಲಿ’ ಎಂಬುದು ಹಾರೈಕೆ, ‘ಬರಲಿ ಬಿಡು’ ಎಂಬುದು ಸಮ್ಮತಿ, ‘ನಾನು ಹೋಗಲೆ?’ ಎಂಬುದು ಪಾಣಿನಿ ಸಂಪ್ರಶ್ನವೆಂದ ಅನುಮತಿಯ ಪ್ರಶ್ನೆ. ಇಂಗ್ಲಿಷಿಗೆ ಇಲ್ಲಿ ‘ಮೇ’, ‘ಲೆಟ್’, ‘ಶಲ್’ ಎಂಬ ಮೂರು ಬೇರೆ ಬೇರೆ ಪದಗಳು ಬೇಕು. ಹಳಗನ್ನಡದಲ್ಲಿ ಹಾರೈಕೆಗೆ ‘ಗೆಲ್ಗೆ’, ‘ಅಕ್ಕೆ’ ಎಂಬ ಗೆ-ಕೆ ರೂಪಗಳಿದ್ದವು. ಇನ್ನು ದಾನಶಾಸನಗಳ ಕೊನೆಯಲ್ಲಿ ಬರುವ ‘ಪಂಚಮಹಾಪಾತಕನಕ್ಕುಂ’ ಎಂಬುದನ್ನು ಯಾವ ಅರ್ಥಕ್ಕೆ ಸೇರಿಸಬೇಕು? ರೂಪದಿಂದ ಅದು ‘ಆಗುತ್ತಾನೆ’ ಎಂಬ ಹೇಳಿಕೆ, ಬಳಕೆಯಿಂದ ಶಾಪ. ದಾನವನ್ನು ಅಳಿಪುವವನಿಗೆ ‘ಆಗಲಿ’ ಎಂದು ಹಾರೈಸುವುದಕ್ಕಿಂತ ‘ಆಗುತ್ತಾನೆ’ ಎಂದು ನಿಶ್ಚಯವಾಗಿ ನುಡಿಯುವುದರಲ್ಲೇ ಹೆಚ್ಚಿನ ಭಯವಿದೆಯೆಂದು ಶಾಸನಕಾರರು ಬಲ್ಲವರಾಗಿದ್ದರೆಂದು ನನ್ನ ಊಹೆ.

ಈಗ ಅಡರಕಟ್ಟಿಯ ಮಾತಿಗೆ ಬರೋಣ. ಈ ಊರು ಪ್ರಾಚೀನ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಪರಿಸರದಲ್ಲಿದೆ. ಕನ್ನಡದ ತಿರುಳು ಇರುವ ಎಡೆಗಳನ್ನು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಎಣಿಸಿದೆ. ಆ ಹೆಗ್ಗಳಿಕೆಯನ್ನು ಇಂದಿನ ಆಡುಮಾತಿಗೆ ನೇರವಾಗಿ ಅಂಟಿಸುವುದು ಶಾಸ್ತ್ರೀಯವಾಗದು. ಆದರೂ ಈ ಪರಿಸರದ ಮಾತು ಕ್ರಿಯಾರ್ಥಗಳನ್ನು ಎಷ್ಟು ಸೂಕ್ಷ್ಮವಾಗಿ ವಿಂಗಡಿಸುತ್ತದೆಂಬುದು ಗಮನಾರ್ಹ.

ಇಲ್ಲಿ ‘ಅಂವ ಬಂದಾನ’ ಎಂದರೆ ಅವನು ಬಂದಿದ್ದಾನೆ. ‘ಅಂವ ಬಂದಾನು’ ಎಂದರೆ ಅವನು ಬರಬಹುದು. ‘ಬಂದಾಳ’, ‘ಬಂದಾಳು’, ‘ಬಂದಾರ’, ‘ಬಂದಾರು’ ಇವೂ ಹೀಗೆಯೇ. ನಿಶ್ಚಯಕ್ಕೂ ಊಹೆಗೂ ನಡುವೆ ಇರುವುದು ಕೊನೆಯ ಒಂದು ಸ್ವರ ಮಾತ್ರ. ಎರಡರಲ್ಲಿಯೂ ಇರುವುದು ‘ಬಂದ್’ ಎಂಬ ಭೂತಕಾಲದ ಅಂಗ. ನಾಳೆ ಬರುವ ಮಳೆಗೆ ‘ಮಳಿ ಬಂದೀತು’ ಎನ್ನುವಾಗ, ‘ನಾಳೆ ಮಳಿ ಬಂದ್ರ’ ಎನ್ನುವಾಗ, ನಡೆಯದಿದ್ದ ಕ್ರಿಯೆಗೆ ಭೂತದ ಅಂಗವೇಕೆ? ‘ಮಳಿ ಬಂದಿದ್ರ ಬೆಳಿ ಬರ್ತಿತ್ತು’ ಎಂಬಲ್ಲಿ ಬಾರದ ಬೆಳೆಗೆ ‘ಬರ್ತಿತ್ತು’ ಎಂಬ ರೂಢಿಯ ಭೂತರೂಪವೇಕೆ? ಇಂಗ್ಲಿಷಿನಲ್ಲಿಯೂ ‘ಇಫ್ ಇಟ್ ರೇನ್ಡ್ ಟುಮಾರೊ’ ಎಂಬಲ್ಲಿ ನಾಳೆಗೆ ಭೂತರೂಪವೇ ಬರುತ್ತದೆ; ‘ವುಡ್’ ಕೂಡ ‘ವಿಲ್’ನ ಭೂತರೂಪವೇ. ಎರಡು ಬೇರೆ ಕುಲದ ಭಾಷೆಗಳು ಇಲ್ಲಿ ಒಂದೇ ಉಪಾಯಕ್ಕೆ ಮೊರೆಹೋಗಿವೆ: ಈಗ, ಇಲ್ಲಿ ಕಣ್ಣೆದುರು ಇಲ್ಲದ್ದನ್ನು ಹೇಳಲು ಭೂತರೂಪ. ಅದು ಕಾಲದ ದೂರವೂ ಆಗಬಹುದು, ವಾಸ್ತವದಿಂದ ದೂರವೂ ಆಗಬಹುದು.

ಮೂರನೆಯದೊಂದು ದೂರವೂ ಇದೆ. ಲಕ್ಷ್ಮೇಶ್ವರದ ಅಂಗಡಿಯಲ್ಲಿ ಗಿರಾಕಿಯನ್ನು ‘ಏನ್ ಬೇಕಾಗಿತ್ರಿ?’ ಎಂದು ಕೇಳುತ್ತಾರೆ. ಬೇಕಾಗಿರುವುದು ಈಗಲೇ, ಆದರೂ ‘ಇತ್ತು’. ಹಿರಿಯರ ಬಳಿ ಹೋದವರು ‘ಒಂದು ಮಾತು ಹೇಳೂದಿತ್ರಿ’ ಎಂದು ಶುರುಮಾಡುತ್ತಾರೆ. ಇದು ವಿನಯದ ದೂರ. ಇಂಗ್ಲಿಷಿನ ‘ಕುಡ್ ಯು’, ‘ವುಡ್ ಯು’ಗಳ ಸೌಜನ್ಯವೂ ಇದೇ ಬಗೆಯದು. ತರಗತಿಯಲ್ಲಿ ಈ ಅಂಗಡಿಯ ಮಾತನ್ನು ಮುಂದಿಟ್ಟ ಮೇಲೆ ‘ವರ್’ ಅನ್ನು ತಿದ್ದಿದ ಹುಡುಗ ತಾನಾಗಿಯೇ ‘ಹಂಗಾದ್ರ ಇದು ಆಗಿ ಹೋದದ್ದಲ್ರಿ ಸರ್’ ಎಂದ.

ನಿಷೇಧದ ವಿಷಯದಲ್ಲಿ ಇನ್ನೊಂದು ಸಾದೃಶ್ಯವಿದೆ. ಕೇಶಿರಾಜನು ವಿವರಿಸುವ ಪ್ರತಿಷೇಧ ರೂಪಗಳಲ್ಲಿ ‘ಮಾಡೆಂ’, ‘ಮಾಡಂ’ ಎಂದು ಧಾತುವಿಗೆ ಕಾಲಪ್ರತ್ಯಯವಿಲ್ಲದೆ ಪುರುಷಪ್ರತ್ಯಯ ನೇರವಾಗಿ ಹತ್ತುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದುದಿಲ್ಲ. ಆದರೆ ಈ ಭಾಗದ ‘ಎತ್ತು ಏಳವಲ್ದು’, ‘ಪಂಪು ಚಾಲೂ ಆಗವಲ್ದು’ ಎಂಬ ಮಾತುಗಳನ್ನು ನೋಡಿ. ಒಪ್ಪು, ಬಯಸು ಎಂಬರ್ಥದ ‘ಒಲ್’ ಧಾತುವಿನ ನಿಷೇಧವಿದು. ಎತ್ತಿಗೆ ಒಲ್ಲೆನೆನ್ನುವ ಮನಸ್ಸಿರಬಹುದು, ಪಂಪಿಗೆಲ್ಲಿಯದು? ಇಚ್ಛೆಯ ಅರ್ಥ ಸವೆದು ಬರಿಯ ನಿಷೇಧ ಉಳಿದಿದೆ. ಇಂಗ್ಲಿಷಿನ ‘ವಿಲ್’ ಕೂಡ ಮೂಲತಃ ಬಯಸು ಎಂಬರ್ಥದ ಕ್ರಿಯಾಪದ; ‘ದಿ ಪಂಪ್ ವೋಂಟ್ ಸ್ಟಾರ್ಟ್’ ಎಂಬಲ್ಲಿ ಅದು ಬಂದು ತಲಪಿದ ನೆಲೆಯೂ ಇದೇ. ಶಿಷ್ಟಕನ್ನಡದ ‘ಆಗುತ್ತಿಲ್ಲ’ದಲ್ಲಿ ಈ ಮೊಂಡುತನದ ಛಾಯೆ ಬರುವುದಿಲ್ಲ.

ಇಂಗ್ಲಿಷಿನ ಸಬ್‌ಜಂಕ್ಟಿವ್ ಕಳೆದುಕೊಂಡದ್ದನ್ನು ಬರಹದ ಕನ್ನಡವೂ ಈಗ ಕಳೆದುಕೊಳ್ಳುತ್ತಿದೆಯೆಂದು ನನಗೆ ತೋರುತ್ತದೆ. ಪತ್ರಿಕೆ, ಪಠ್ಯಪುಸ್ತಕ, ಕಚೇರಿಯ ಪತ್ರಗಳಲ್ಲಿ ‘ಬಂದಾನು’, ‘ಬಂದೀತು’ ಅಪರೂಪವಾಗಿ, ಆ ಜಾಗದಲ್ಲೆಲ್ಲ ‘ಬರಬಹುದು’ ಅಥವಾ ‘ಬರುವ ಸಾಧ್ಯತೆ ಇದೆ’ ಬಂದು ಕುಳಿತಿವೆ. ‘ಮೇ’ ಪದಕ್ಕೆ ‘ಬಹುದು’ ಎಂಬ ಒಂದೇ ಸಮಾನಪದವನ್ನು ಗೊತ್ತುಮಾಡಿಕೊಂಡ ಅನುವಾದದ ಅಭ್ಯಾಸವೂ ಇದಕ್ಕೆ ಕಾರಣವಾಗಿರಬೇಕು. ಶಾಸನಭಾಷೆಯಲ್ಲಿ ‘ಶಲ್’ಗೆ ‘ತಕ್ಕದ್ದು’, ‘ಮೇ’ಗೆ ‘ಬಹುದು’ ಎಂಬ ರೂಢಿಯಿದೆ. ಅಲ್ಲಿ ಅದು ಅಗತ್ಯವೂ ಹೌದು: 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 4ನೆಯ ಪ್ರಕರಣವು ನ್ಯಾಯಾಲಯ ಪೂರ್ವಭಾವಿಸಬಹುದಾದದ್ದನ್ನೂ ಪೂರ್ವಭಾವಿಸತಕ್ಕದ್ದನ್ನೂ ಬೇರೆಬೇರೆಯಾಗಿಯೇ ನಿರೂಪಿಸಿತ್ತು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ಭೇದ ಉಳಿದಿದೆ. ಆದರೆ ‘ಮೇ’ಯಂತೆ ‘ಬಹುದು’ ಕೂಡ ಅನುಮತಿಯನ್ನೂ ಊಹೆಯನ್ನೂ ಒಟ್ಟಿಗೆ ಹೊರುತ್ತದೆ. ಅಡರಕಟ್ಟಿಯ ರೈತನೊಬ್ಬ ‘ಬೆಳೆಹಾನಿಗೆ ಪರಿಹಾರ ನೀಡಬಹುದು’ ಎಂಬ ವಾಕ್ಯವನ್ನು ಓದಿದರೆ ಅವನ ಮುಂದೆ ಎರಡು ಅರ್ಥಗಳಿವೆ. ಅವನ ಮಾತಿನಲ್ಲಿ ಊಹೆಗೆ ‘ಕೊಟ್ಟಾರು’ ಎಂದಿದೆ, ಅನುಮತಿಗೆ ‘ಕೊಡಾಕ ಅಡ್ಡಿ ಇಲ್ಲ’ ಎಂದಿದೆ. ಕಾಗದದ ಕನ್ನಡ ಇವೆರಡರಲ್ಲಿ ಯಾವುದನ್ನು ಹೇಳುತ್ತಿದೆಯೆಂದು ತಿಳಿಯಲು ಅವನು ಕಚೇರಿಗೇ ಹೋಗಿ ಕೇಳಬೇಕು.