ಅಗ್ಗದ ಎ4 ಕಾಗದ: ಲಾಭ ಯಾರಿಗೆ, ಪೆಟ್ಟು ಯಾರಿಗೆ?



ಭಾನುವಾರದ ಕನ್ನಡ ತರಗತಿಗೆ ಕಾಗುಣಿತದ ಹಾಳೆ ಬೇಕು, ಮಕ್ಕಳ ಶಾಲೆಯ ಕೆಲಸಕ್ಕೆ ಬೇಕು, ವೀಸಾ ಅರ್ಜಿಗೆ ಬೇಕು. ಹೀಗಾಗಿ ಎ4 ಕಾಗದದ ಕಟ್ಟು ನಮ್ಮೆಲ್ಲರ ಮನೆಯಲ್ಲೂ ಇರುತ್ತದೆ. ಅಂಗಡಿಯಲ್ಲಿ ಎರಡು ಕಟ್ಟು ಪಕ್ಕಪಕ್ಕ ಇದ್ದರೆ ಕೈ ಅಗ್ಗದ ಕಡೆಗೇ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಗಿನಿಂದ ಬಂದ ಅಗ್ಗದ ಕಾಗದದಿಂದ ನಾವಿರುವ ದೇಶದ ಕಾರ್ಖಾನೆಗೆ ಪೆಟ್ಟು ಬೀಳುತ್ತದೆಯೇ? ಇಲ್ಲಿ ಆಸ್ಟ್ರೇಲಿಯಾದಲ್ಲಿ ಈ ಪ್ರಶ್ನೆ ವಿಶ್ವ ವ್ಯಾಪಾರ ಸಂಸ್ಥೆಯವರೆಗೂ ಹೋಗಿತ್ತು. ಇವತ್ತು ಆ ಕಥೆಯನ್ನೇ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಅಗ್ಗದ ಮಾಲೆಲ್ಲ 'ಡಂಪಿಂಗ್' ಅಲ್ಲ. ಒಬ್ಬ ತಯಾರಕ ತನ್ನ ದೇಶದಲ್ಲಿ ಒಂದು ಕಟ್ಟು ಕಾಗದವನ್ನು 5 ಡಾಲರಿಗೆ ಮಾರುತ್ತಾನೆ, ಅದೇ ಕಾಗದವನ್ನು ನಮಗೆ 4 ಡಾಲರಿಗೆ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ಆಗ ಅದು ಡಂಪಿಂಗ್. ಅವನ ಊರಿನಲ್ಲೂ 4 ಡಾಲರ್, ನಮಗೂ 4 ಡಾಲರ್ ಎಂದಾದರೆ, ಇಲ್ಲಿಯ ಕಾರ್ಖಾನೆ 5 ಡಾಲರಿಗಿಂತ ಕಡಿಮೆಗೆ ಮಾರಲಾಗದಿದ್ದರೂ ಅದು ಡಂಪಿಂಗ್ ಅಲ್ಲ. ಅವನ ಖರ್ಚು ಕಡಿಮೆ, ಅಷ್ಟೇ.

ಕಾಗದದ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. 500 ಹಾಳೆಯ ಸಾಮಾನ್ಯ ಕಟ್ಟು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಂದು ಟನ್ನಿಗೆ 400 ಕಟ್ಟು. ಇದರ ಮುಖ್ಯ ಕಚ್ಚಾ ಮಾಲು ಮರದ ತಿರುಳು. ಬ್ರೆಜಿಲ್‌ನಲ್ಲಿ ನೀಲಗಿರಿ, ಇಂಡೋನೇಷ್ಯಾದಲ್ಲಿ ಅಕೇಶಿಯಾ ಮರಗಳು ನೆಡುತೋಪುಗಳಲ್ಲಿ ಬೇಗ ಬೆಳೆಯುತ್ತವೆ. ತಿರುಳಿನ ಘಟಕವೂ ಕಾಗದದ ಕಾರ್ಖಾನೆಯೂ ಒಟ್ಟಿಗೇ ಇದ್ದರೆ ಖರ್ಚು ಇನ್ನೂ ಇಳಿಯುತ್ತದೆ. ಆ ಅನುಕೂಲವನ್ನು ಯಾರೂ ಮೋಸ ಎನ್ನಲಾಗದು.

ಇನ್ನೊಂದು ನಿಯಮವೂ ಇದೆ. ಡಂಪಿಂಗ್ ಸಾಬೀತಾದರೂ ಅಷ್ಟಕ್ಕೇ ಸುಂಕ ಹಾಕುವಂತಿಲ್ಲ. ದೇಶೀ ಉದ್ಯಮಕ್ಕೆ ಗಣನೀಯ ಹಾನಿ ಆಗಿರಬೇಕು, ಇಲ್ಲವೇ ಆಗುವ ಭೀತಿ ಇರಬೇಕು. ಆ ಹಾನಿ ಡಂಪಿಂಗ್‌ನಿಂದಲೇ ಆಯಿತು ಎಂದೂ ತೋರಿಸಬೇಕು. ಬೇಡಿಕೆ ಕುಸಿದದ್ದು, ಹಳೆಯ ಯಂತ್ರ, ಕಚ್ಚಾ ಮಾಲಿನ ಕೊರತೆ, ಇವುಗಳಿಂದಾದ ನಷ್ಟವನ್ನು ಆಮದಿನ ತಲೆಗೆ ಕಟ್ಟುವಂತಿಲ್ಲ.

ಈಗ ಕಥೆಗೆ ಬರೋಣ. ಮೆಲ್ಬರ್ನ್‌ನಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದ ಲಾಟ್ರೋಬ್ ಕಣಿವೆಯಲ್ಲಿ ಮೇರಿವೇಲ್ ಎಂಬ ಕಾಗದದ ಕಾರ್ಖಾನೆಯಿದೆ. 1930ರ ದಶಕದಲ್ಲಿ ಶುರುವಾದದ್ದು. ನಾವು ಅಂಗಡಿಯಲ್ಲಿ ನೋಡುತ್ತಿದ್ದ ರಿಫ್ಲೆಕ್ಸ್ ಕಾಗದ ಬರುತ್ತಿದ್ದುದು ಅಲ್ಲಿಂದಲೇ. 2009ರಿಂದ ಅದರ ಒಡೆತನ ಜಪಾನಿನ ನಿಪ್ಪಾನ್ ಪೇಪರ್ ಕಂಪನಿಯದು. ಅಂದರೆ 'ದೇಶೀ ಉದ್ಯಮ' ಎನ್ನುವಾಗ ಮಾಲೀಕ ಯಾರು ಎಂಬುದಲ್ಲ, ಕೆಲಸ ಎಲ್ಲಿ ನಡೆಯುತ್ತದೆ ಎಂಬುದೇ ಲೆಕ್ಕ.

ಬ್ರೆಜಿಲ್, ಚೀನಾ, ಇಂಡೋನೇಷ್ಯಾ ಮತ್ತು ಥಾಯ್ಲೆಂಡ್‌ನ ಕಾಗದದ ವಿರುದ್ಧ ಈ ಕಂಪನಿ ದೂರು ಕೊಟ್ಟಿತು. 2016ರಲ್ಲಿ ಆಸ್ಟ್ರೇಲಿಯಾದ ಆ್ಯಂಟಿ ಡಂಪಿಂಗ್ ಆಯೋಗ ತನಿಖೆ ಶುರು ಮಾಡಿತು. 2017ರ ಏಪ್ರಿಲ್‌ನಲ್ಲಿ ಈ ದೇಶಗಳ ಕಾಗದದ ಮೇಲೆ ಸುಂಕ ಬಿತ್ತು. ಅದಕ್ಕೆ ಕೆಲವೇ ವಾರ ಮೊದಲು ಅದೇ ಕಣಿವೆಯ ಹೇಜಲ್‌ವುಡ್ ವಿದ್ಯುತ್ ಸ್ಥಾವರ ಮುಚ್ಚಿತ್ತು. ಅಲ್ಲಿಯ ಕುಟುಂಬಗಳಿಗೆ ಕಾಗದದ ಕಾರ್ಖಾನೆ ಉಳಿಯುವುದೆಂದರೆ ಊರಿನಲ್ಲಿ ಸಂಬಳ ಉಳಿಯುವುದು ಎಂದೇ ಅರ್ಥ.

ಇಂಡೋನೇಷ್ಯಾ ಸುಮ್ಮನಿರಲಿಲ್ಲ. ಅಲ್ಲಿಯ ಸರ್ಕಾರ ಮರದ ದಿಮ್ಮಿ ರಫ್ತು ಮಾಡುವುದನ್ನು ನಿಷೇಧಿಸಿದೆ, ಅದರಿಂದ ಒಳಗೆ ಮರ ಅಗ್ಗವಾಗಿದೆ, ಆದ್ದರಿಂದ ಅಲ್ಲಿಯ ಕಾಗದದ ಬೆಲೆಯನ್ನು ಸಹಜ ಬೆಲೆ ಎಂದು ಒಪ್ಪಲಾಗದು ಎಂಬುದು ಆಸ್ಟ್ರೇಲಿಯಾದ ವಾದ. ಹಾಗಾಗಿ ಆಯೋಗ ಆ ಬೆಲೆಯನ್ನು ಬದಿಗಿಟ್ಟು, ಹೊರದೇಶದ ದರ ಹಿಡಿದು ಲೆಕ್ಕ ಕಟ್ಟಿತ್ತು. 2019ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ತೀರ್ಪು ಕೊಟ್ಟಿತು. ಇಂಥ ವಿಶೇಷ ಪರಿಸ್ಥಿತಿ ಇರಬಹುದು ಎಂಬುದನ್ನು ಅದು ತಳ್ಳಿಹಾಕಲಿಲ್ಲ. ಆದರೆ ಅಗ್ಗದ ಮರ ಊರಲ್ಲಿ ಮಾರುವ ಕಾಗದಕ್ಕೂ, ರಫ್ತು ಮಾಡುವ ಕಾಗದಕ್ಕೂ ಒಂದೇ ಅಲ್ಲವೇ? ಹಾಗಿದ್ದಮೇಲೆ ಎರಡು ಬೆಲೆಗಳನ್ನು ಹೋಲಿಸಲು ಆಗುತ್ತದೋ ಇಲ್ಲವೋ ಎಂಬುದನ್ನು ಪರೀಕ್ಷಿಸದೆ ಆಸ್ಟ್ರೇಲಿಯಾ ನಿಯಮ ಮೀರಿದೆ ಎಂದಿತು.

ಈ ಕಥೆಗೆ ಇನ್ನೊಂದು ಮುಖವಿದೆ. 2016ರಲ್ಲಿ ಅಮೆರಿಕವೂ ಇಂಥದೇ ಸುಂಕ ಹಾಕಿತು. ಆ ಪಟ್ಟಿಯಲ್ಲಿ ಬ್ರೆಜಿಲ್, ಚೀನಾ, ಇಂಡೋನೇಷ್ಯಾ, ಪೋರ್ಚುಗಲ್ ಜೊತೆಗೆ ಆಸ್ಟ್ರೇಲಿಯಾವೂ ಇತ್ತು, ಅದೂ ಶೇ 222ಕ್ಕಿಂತ ಹೆಚ್ಚಿನ ದರದಲ್ಲಿ! ಇಲ್ಲಿ ದೂರುದಾರನಾಗಿ ನಿಂತ ಉದ್ಯಮವೇ ಅಲ್ಲಿ ಆರೋಪಿಯ ಜಾಗದಲ್ಲಿತ್ತು.

ಇನ್ನು ಸುಂಕದಿಂದ ಏನಾಯಿತು? ಒಂದು ಬಾಗಿಲು ಹಾಕಿದರೆ ಇನ್ನೊಂದು ತೆರೆಯುತ್ತದೆ. 2018ರಲ್ಲಿ ಆಸ್ಟ್ರಿಯಾ, ಫಿನ್‌ಲ್ಯಾಂಡ್, ಕೊರಿಯಾ, ರಷ್ಯಾ ಮತ್ತು ಸ್ಲೊವಾಕಿಯಾದ ಕಾಗದದ ಮೇಲೂ ತನಿಖೆ ಆರಂಭವಾಯಿತು. ಸುಂಕದ ಭಾರ ಹೊರುವವರು ವಿದೇಶೀ ಕಾರ್ಖಾನೆಯವರಷ್ಟೇ ಅಲ್ಲ. ಶಾಲೆ, ಕಚೇರಿ, ಸಣ್ಣ ಮುದ್ರಕರು, ನಮ್ಮಂಥ ಗ್ರಾಹಕರು ಕೂಡ ಅದರಲ್ಲಿ ಪಾಲುದಾರರು.

ಕೊನೆಗೆ ಮೇರಿವೇಲ್‌ನ ಬಿಳಿ ಕಾಗದ ನಿಂತದ್ದು ಬೇರೆಯೇ ಕಾರಣಕ್ಕೆ. ಅದಕ್ಕೆ ಮರ ಬರುತ್ತಿದ್ದುದು ವಿಕ್ಟೋರಿಯಾ ರಾಜ್ಯದ ಸಹಜ ಕಾಡುಗಳಿಂದ. ಅಲ್ಲಿ ಗ್ಲೈಡರ್ ಎಂಬ, ಮರದಿಂದ ಮರಕ್ಕೆ ತೇಲುವ ಪ್ರಾಣಿಗಳಿವೆ. ಕಡಿಯುವ ಮೊದಲು ಅವುಗಳ ಇರುವಿಕೆಯನ್ನು ಸರಿಯಾಗಿ ಹುಡುಕಿ ರಕ್ಷಿಸಬೇಕು ಎಂದು 2022ರ ನವೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸರ್ಕಾರಿ ಅರಣ್ಯ ಸಂಸ್ಥೆಗೆ ಆದೇಶಿಸಿತು. ಮರದ ಪೂರೈಕೆ ನಿಂತಿತು. 2023ರ ಫೆಬ್ರವರಿಯಲ್ಲಿ, ಆಗ ಒಪಾಲ್ ಎಂಬ ಹೆಸರಿನಲ್ಲಿದ್ದ ಕಂಪನಿ, ಬಿಳಿ ಕಾಪಿ ಕಾಗದದ ತಯಾರಿಕೆ ಇನ್ನಿಲ್ಲ ಎಂದು ಘೋಷಿಸಿತು. ಸುಮಾರು 200 ಜನರ ಕೆಲಸಕ್ಕೆ ಕುತ್ತು ಬಂತು. ದೇಶದಲ್ಲಿ ಈ ಕಾಗದ ಮಾಡುತ್ತಿದ್ದ ಕೊನೆಯ ಕಾರ್ಖಾನೆ ಅದು. ಕಂದು ಬಣ್ಣದ ಪ್ಯಾಕಿಂಗ್ ಕಾಗದದ ಕೆಲಸ ಮಾತ್ರ ಅಲ್ಲಿ ಮುಂದುವರಿಯಿತು.

ಹಾಗಾದರೆ ಡಂಪಿಂಗ್‌ನಿಂದ ಹಾನಿ ಆಗಲಿಲ್ಲವೇ? ಆಯಿತು ಎಂದೇ ಆಯೋಗ ಹೇಳಿದ್ದು. ಬೆಲೆ ಏರಿಸಲಾಗದ ಕಾರ್ಖಾನೆ ಲಾಭ ಕಳೆದುಕೊಳ್ಳುತ್ತದೆ. ಲಾಭವಿಲ್ಲದಿದ್ದರೆ ಹೊಸ ಯಂತ್ರವನ್ನೂ ಹೊಸ ತೋಪನ್ನೂ ಕಾಣುವುದಿಲ್ಲ. ಆದರೆ ಸುಂಕ ಕೊಡುವುದು ಸಮಯ ಮಾತ್ರ. ಇಂಥ ಸುಂಕದ ಅವಧಿ ಸಾಮಾನ್ಯವಾಗಿ ಐದು ವರ್ಷ. ಮುಂದುವರಿಸಬೇಕಾದರೆ ಮತ್ತೆ ಪರಿಶೀಲನೆ ನಡೆಯಬೇಕು. ಆ ಸಮಯದಲ್ಲಿ ಮರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಸುಂಕವೊಂದೇ ಕಾರ್ಖಾನೆಯನ್ನು ನಡೆಸಲಾರದು.

ನಮ್ಮ ಊರಿನ ಕಡೆಯೂ ಇದೇ ಚರ್ಚೆ ಇದೆ. 2018ರ ಡಿಸೆಂಬರ್‌ನಲ್ಲಿ ಭಾರತ, ಇಂಡೋನೇಷ್ಯಾ ಮತ್ತು ಸಿಂಗಪುರದ ಕಾಪಿಯರ್ ಕಾಗದದ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಅಷ್ಟರಲ್ಲಿ 1936ರಲ್ಲಿ ಆರಂಭವಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಉತ್ಪಾದನೆ ನಿಲ್ಲಿಸಿ ಮೂರು ವರ್ಷವಾಗಿತ್ತು. ದಾಂಡೇಲಿಯ ಕಾರ್ಖಾನೆ ನಡೆಯುತ್ತಲೇ ಇತ್ತು. ಒಂದೇ ರಾಜ್ಯ, ಒಂದೇ ಆಮದು ನೀತಿ. ಆದರೂ ಒಂದು ನಿಂತಿತು, ಇನ್ನೊಂದು ಉಳಿಯಿತು. ಇದನ್ನು ನೋಡಿದರೂ ಆಮದೊಂದನ್ನೇ ದೂರಲಾಗದು ಎಂಬುದು ತಿಳಿಯುತ್ತದೆ.

ಮುಂದೆ ಯಾರಾದರೂ 'ಅಗ್ಗದ ಆಮದು ನಮ್ಮ ಕಾರ್ಖಾನೆಯನ್ನು ಮುಳುಗಿಸಿತು' ಎಂದರೆ ಮೂರು ಪ್ರಶ್ನೆ ಕೇಳಿ. ಅದು ಬರೀ ಅಗ್ಗವೋ, ಡಂಪಿಂಗೋ? ಹಾನಿ ಎಷ್ಟು? ಆ ಹಾನಿಗೆ ಬೇರೆ ಕಾರಣಗಳಿದ್ದವೇ? ಮೇರಿವೇಲ್ ಮಟ್ಟಿಗೆ ಮೊದಲ ಎರಡರ ಮೇಲೆ ವರ್ಷಗಟ್ಟಲೆ ವಾದ ನಡೆಯಿತು; ಕಾರ್ಮಿಕರ ಕೆಲಸ ಹೋದದ್ದು ಮೂರನೆಯದರಿಂದ.