ಸಿಡಿದರೂ ಹೊರಬೀಳಬಾರದು

ಕಾಲು ಮೈಲಿಯ ನೆಟ್ಟನೆಯ ದಾರಿ. ಅದರ ಒಂದು ತುದಿಯಲ್ಲಿ ಅಕ್ಕಪಕ್ಕ ನಿಂತ ಎರಡು ಮೋಟಾರುಗಳು. ದೀಪ ಹಸಿರಾದೊಡನೆ ಎರಡೂ ನಿಂತಲ್ಲಿಂದಲೇ ಚಿಮ್ಮಬೇಕು. ಆ ತುದಿಯ ಗೆರೆಯನ್ನು ಮೊದಲು ದಾಟಿದವನು ಗೆದ್ದ. ಅಮೆರಿಕನರು ಡ್ರ್ಯಾಗ್ ರೇಸ್ ಎಂದು ಕರೆಯುವ ಪಂದ್ಯ ಇಷ್ಟೇ. ಜೋಡುಕರೆಯ ಕಂಬಳವನ್ನು ಕಂಡ ನಮ್ಮ ದಕ್ಷಿಣ ಕನ್ನಡದ ಬಂಧುಗಳಿಗೆ ಇದರ ಸ್ವರೂಪವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಬೀದಿಗಳಲ್ಲಿ ಪೈಪೋಟಿ ಹೂಡುತ್ತಿದ್ದ ತರುಣರನ್ನು ಒಂದು ಶಿಸ್ತಿಗೆ ತರಬೇಕೆಂದು ವಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಇಂದಿಗೂ ಅಲ್ಲಿನ ದೊಡ್ಡ ಪಂದ್ಯಗಳು ಅದರ ನಿಯಮದಂತೆಯೇ ನಡೆಯುತ್ತವೆ.

ನಮ್ಮ ಕಟ್ಟಡದ ಹುಡುಗರು ಈ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡಿ ಬೆಂಕಿಗೂ ಹೊಗೆಗೂ ಬೆರಗಾಗುತ್ತಾರೆ. ನನಗಾದರೋ ರುಚಿಸಿದ್ದು ಅದರ ಹಿಂದಿರುವ ಕಾಗದಪತ್ರದ ವ್ಯವಹಾರ. ಗುಮಾಸ್ತನ ಬುದ್ಧಿ, ಬೇರೇನು ಮಾಡೀತು!

ಎಂಜಿನ್ನಿನ ಬಲ ಗಾಲಿಗೆ ಮುಟ್ಟುವುದು ಫ್ಲೈವೀಲು, ಕ್ಲಚ್ಚು, ಗೇರುಪೆಟ್ಟಿಗೆ, ಅಲ್ಲಿಂದ ಹಿಂದಕ್ಕೆ ಹೋಗುವ ಉದ್ದನೆಯ ಷಾಫ್ಟು—ಈ ಮಾರ್ಗವಾಗಿ. ಇವೆಲ್ಲ ತಿರುಗುವುದು ಚಾಲಕನ ಕಾಲಿನ ಹತ್ತಿರದಲ್ಲೇ. ಒಂದು ಅಡಿ ಅಗಲದ ಚಕ್ರ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಎಷ್ಟಾದೀತೆಂದು ಲೆಕ್ಕ ಹಾಕಿ ನೋಡಿದೆ: ಗಂಟೆಗೆ ಸುಮಾರು 460 ಕಿಲೋಮೀಟರು! ಸುತ್ತು ಎರಡರಷ್ಟಾದರೆ ಚಕ್ರವನ್ನು ಸೀಳಲೆಳಸುವ ಬಲ ನಾಲ್ಕರಷ್ಟಾಗುತ್ತದೆ. ಮನೆಯ ಕಾರಿನ ಎರಕದ ಕಬ್ಬಿಣದ ಫ್ಲೈವೀಲನ್ನು ಈ ಪಂದ್ಯಕ್ಕೆ ಹಚ್ಚಿದರೆ ಅದು ಒಡೆದು, ಚೂರುಗಳು ಗುಂಡಿನಂತೆ ಹಾರಬಹುದು. ತಗಡೂ ತಡೆಯದು, ಕಾಲೂ ತಡೆಯದು.

ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಪಂದ್ಯಗಾರನ ಕಥೆ ಇದಕ್ಕೆ ಸಾಕ್ಷಿ. ಆಗಿನ ವೇಗದ ಗಾಡಿಗಳಲ್ಲಿ ಎಂಜಿನ್ನು ಮುಂದೆ. ಚಾಲಕ ಹಿಂದಿನ ಗಾಲಿಗಳಿಗಿಂತಲೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನ ಹಾಗೆ. ಕ್ಲಚ್ಚು, ಗೇರು ಎಲ್ಲವೂ ಅವನ ಕಾಲುಗಳ ಬಳಿಯೇ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಪಂದ್ಯದ ದಾರಿಯಲ್ಲಿ, ಹೊರಡುವ ಗೆರೆಯಲ್ಲೇ ಗಾರ್ಲಿಟ್ಸನ ಗೇರುಪೆಟ್ಟಿಗೆ ಸಿಡಿಯಿತು. ಗಾಡಿ ಎರಡು ತುಂಡಾಯಿತು. ಅವನ ಬಲಪಾದದ ಮುಂಭಾಗ ಹೋಯಿತು. ನೋಡಲು ಬಂದಿದ್ದವರಲ್ಲಿ ಒಬ್ಬನಿಗೂ ಭಾರಿ ಪೆಟ್ಟು ಬಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಯೇ ಗಾರ್ಲಿಟ್ಸ್ ಎಂಜಿನ್ನನ್ನು ಬೆನ್ನ ಹಿಂದಕ್ಕೆ ಒಯ್ಯುವ ಯೋಚನೆ ಮಾಡಿದ. ಅಂಥ ಗಾಡಿಯಲ್ಲೇ 1971ರಲ್ಲಿ ಪೊಮೋನಾದ ಪಂದ್ಯವನ್ನು ಗೆದ್ದ. ಮುಂದೆ ಆ ವರ್ಗದ ಗಾಡಿಗಳೆಲ್ಲ ಅದೇ ಮಾದರಿಗೆ ಬಂದವು.

ಆದರೆ ಎಲ್ಲರ ಗಾಡಿಯಲ್ಲಿಯೂ ಎಂಜಿನ್ನನ್ನು ಹಿಂದಕ್ಕೆ ಹಾಕಲಾದೀತೆ? ಸಾಮಾನ್ಯ ಕಾರನ್ನು ತಿದ್ದಿಕೊಂಡು ಬರುವವರಿಗೆ ನಿಯಮವೇ ಕವಚ. ಬಿಡಿಭಾಗ ತಯಾರಕರು 1963ರಲ್ಲಿ ‘ಸೀಮಾ’ ಎಂಬ ಸಂಸ್ಥೆ ಮಾಡಿಕೊಂಡರು (ಹೆಸರು ಕೇಳಿದರೆ ನಮ್ಮ ನೆರೆಮನೆಯ ಹುಡುಗಿಯ ನೆನಪಾಗುತ್ತದೆ, ನಿಜವಾಗಿ ಅದು ನಾಲ್ಕು ಇಂಗ್ಲಿಷ್ ಅಕ್ಷರಗಳ ಕೂಟ). ಅದರ ಕೆಲಸದಿಂದ ಬೆಳೆದು 1978ರಲ್ಲಿ ಬೇರೆಯಾಗಿ ನಿಂತದ್ದು ಎಸ್.ಎಫ್.ಐ. ಫೌಂಡೇಷನ್. ಇದು ಒಂದೊಂದು ಭಾಗಕ್ಕೂ ಒಂದೊಂದು ಸಂಖ್ಯೆಯ ನಿಯಮಾವಳಿಯನ್ನು ಬರೆದಿಟ್ಟಿದೆ: ಫ್ಲೈವೀಲು ಮತ್ತು ಕ್ಲಚ್ಚಿಗೆ 1.1, ಅವುಗಳನ್ನು ಸುತ್ತುವರಿಯುವ ಉಕ್ಕಿನ ಕವಚಕ್ಕೆ 6.1, ಆಟೋಮ್ಯಾಟಿಕ್ ಗೇರುಪೆಟ್ಟಿಗೆಯ ಕವಚಕ್ಕೆ 4.1.

ಕ್ಲಚ್ಚಿನ ಕಾರು ಕಾಲು ಮೈಲಿಯನ್ನು 11.49 ಸೆಕೆಂಡಿನಲ್ಲಿ ಅಥವಾ ಅದಕ್ಕೂ ಬೇಗನೆ ಓಡುವುದಾದರೆ ಮೊದಲ ಎರಡು ಇರಲೇಬೇಕು. ಆಟೋಮ್ಯಾಟಿಕ್ ಆದರೆ 10.99 ಸೆಕೆಂಡಿನಿಂದ ಅದರ ಕವಚ ಕಡ್ಡಾಯ. ಇಲ್ಲಿಯ ವಿಚಾರ ನನಗೆ ಬಹಳ ಹಿಡಿಸಿತು. 1.1 ಹೇಳುವುದು ಭಾಗ ಒಡೆಯಬಾರದೆಂದು, 6.1 ಹೇಳುವುದು, ಒಡೆದರೂ ಚೂರು ಹೊರಗೆ ಬರಬಾರದೆಂದು. ಮೊದಲನೆಯ ಪ್ರಮಾಣಪತ್ರವನ್ನು ಎರಡನೆಯದು ಪೂರ್ತಿ ನಂಬಿಲ್ಲ! ತೂಕ ಇಳಿಸುವ ಆಸೆಯಿಂದ ಆ ಕವಚಕ್ಕೆ ತೂತು ಕೊರೆಯುವಂತಿಲ್ಲ, ಅರೆದು ತೆಳ್ಳಗೆ ಮಾಡುವಂತಿಲ್ಲ.

ಉದ್ದನೆಯ ಷಾಫ್ಟಿಗೂ ಒಂದು ಬಳೆ ಬೇಕು: ಕಾಲು ಅಂಗುಲ ದಪ್ಪ, ಎರಡು ಅಂಗುಲ ಅಗಲದ ಉಕ್ಕಿನ ಪಟ್ಟಿ, ಮುಂದಿನ ಕೀಲಿನಿಂದ ಆರು ಅಂಗುಲದೊಳಗೆ. ಆ ಕೀಲು ಮುರಿದರೆ ಷಾಫ್ಟಿನ ತುದಿ ನೆಲಕ್ಕೆ ನಾಟಿ, ಗಣೆ ಊರಿ ನೆಗೆಯುವವನ ಹಾಗೆ ಕಾರೇ ಎದ್ದು ಮಗುಚೀತು.

ಇನ್ನು ಸಹಿಯ ಪ್ರಶ್ನೆ. ಎಸ್.ಎಫ್.ಐ. ಪ್ರತಿಯೊಂದು ಕ್ಲಚ್ಚನ್ನೂ ತಾನೇ ಪರೀಕ್ಷಿಸಿ ಮುದ್ರೆ ಒತ್ತುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ತಯಾರಕ ಮಾದರಿಯನ್ನು ಪರೀಕ್ಷೆ ಮಾಡಿಸಿ ವರದಿ ಒಪ್ಪಿಸುತ್ತಾನೆ. ಬಳಿಕ ತನ್ನ ಸರಕು ನಿಯಮಕ್ಕೆ ಸರಿಯಾಗಿದೆಯೆಂದು ತಾನೇ ಚೀಟಿ ಅಂಟಿಸುತ್ತಾನೆ. ಸಂಸ್ಥೆ ಆಗಾಗ ಸರಕನ್ನು ತರಿಸಿ ತಾಳೆ ನೋಡುತ್ತದೆ. 2014ರಲ್ಲಿ ನಮ್ಮ ಕೇಂದ್ರ ಸರ್ಕಾರವು ಗೆಜೆಟೆಡ್ ಅಧಿಕಾರಿಯ ಮೊಹರಿನ ಬದಲು ಅರ್ಜಿದಾರನ ಸ್ವಂತ ದೃಢೀಕರಣವೇ ಸಾಕೆಂದು ಇಲಾಖೆಗಳಿಗೆ ತಿಳಿಸಿತಲ್ಲ, ಹೆಚ್ಚುಕಡಿಮೆ ಹಾಗೆಯೇ. ಮೊಹರಿಗಾಗಿ ಕಾದು ನಿಂತ ಜನರನ್ನು ಕಂಡಿರುವ ನನಗೆ ಈ ಪದ್ಧತಿ ತಪ್ಪೆನಿಸದು. ಸಹಿ ಹಾಕಿದವನು ಯಾರೆಂಬುದು ಗೊತ್ತಿದ್ದು, ತಾಳೆ ನೋಡುವವರು ಎಚ್ಚರವಾಗಿದ್ದರೆ ಸರಿ. ಚೀಟಿಗೂ ಆಯುಸ್ಸುಂಟು: ಆಟೋಮ್ಯಾಟಿಕ್ ಗೇರುಪೆಟ್ಟಿಗೆಯ ಕವಚಕ್ಕೆ ಐದು ವರ್ಷ, ಚಾಲಕನ ಸೊಂಟಪಟ್ಟಿಗೆ ಎರಡೇ ವರ್ಷ.

ನಮ್ಮ ದೇಶದಲ್ಲಿಯೂ ಈ ಪಂದ್ಯ ಇಲ್ಲದಿಲ್ಲ. ಪುಣೆ, ಮುಂಬಯಿಗಳ ನಡುವೆ ಲೋಣಾವಳದ ಬಳಿ, ಆಂಬಿ ವ್ಯಾಲಿಯ ವಿಮಾನದ ಓಡುದಾರಿಯಲ್ಲಿ ‘ವ್ಯಾಲಿ ರನ್’ ಎಂಬ ಹೆಸರಿನಲ್ಲಿ ನಡೆದಿದೆ. ಅಂಥ ಕಡೆ ಗಾಡಿಯನ್ನು ತಪಾಸಣೆ ಮಾಡುವವರಿರುತ್ತಾರೆ. ರಾತ್ರಿ ಹನ್ನೆರಡರ ಮೇಲೆ ಹೆದ್ದಾರಿಯಲ್ಲಿ ಪಂದ್ಯ ಕಟ್ಟುವ ಹುಡುಗರ ಗಾಡಿಯ ಅಡಿಯಲ್ಲಿ ಬಗ್ಗಿ ನೋಡುವವರು ಯಾರು? ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಅದನ್ನು ಓದಿದ ಹುಡುಗರು ವಿರಳ.

ಮಗ ಕಾರಿಗೆ ಹೊಸ ಕ್ಲಚ್ಚು ಹಾಕಿಸಿದೆನೆಂದರೆ ಎಷ್ಟಾಯಿತೆಂದು ಕೇಳಿ ಸುಮ್ಮನಾಗಬೇಡಿ, ಅದರ ಮೇಲೆ ಯಾವ ಸಂಖ್ಯೆಯಿದೆಯೆಂದೂ ಕೇಳಿ. 1.1 ಎಂದು ಠೀವಿಯಿಂದ ಹೇಳಿದನಾದರೆ, ಕವಚ ಎಲ್ಲಿ ಎಂಬುದು ಮುಂದಿನ ಪ್ರಶ್ನೆ.